ಅರಿಷಿಣ ಬೇರಿನ ತಾಳಿ

ಬಂಗಾರದ ಮೇಲೆ ಸರಕಾರದ ಕಾಯ್ದೆ ಬಂದ ವರ್ಷ ನಮ್ಮ ಅಕ್ಕ ಅಲ್ಲವ್ವನ ಮದುವೆ. ಅಪ್ಪಟ ಬಂಗಾರದಲ್ಲಿ ಹೊಸ ಒಡವೆ ಮಾಡುವಂತಿಲ್ಲ ಎಂದು ಕಲ್ಲೋಳಿಯ ಅಕ್ಕಸಾಲಿಗ ಪತ್ತಾರರು ಕೈಕಟ್ಟಿ ಕೂತಿದ್ದರು. "ಬೆರಕಿ ಬಂಗಾರ ನನ್ನ ಸೊಸಿ ಕೊರಳಿಗೆ ಬ್ಯಾಡ. ಅರಿಷಿಣ ಬೇರ ಕಟ್ಟಿದ್ರಾತು," ಎಂದಳು ವರನ ತಾಯಿ ಇಂದ್ರವ್ವ. ಹಾಗೇ ಆಯಿತು. ದಾರದಲ್ಲಿ ಬೇರು ಕಟ್ಟಿ ಸತ್ತೆಪ್ಪ ನಮ್ಮ ಅಕ್ಕನ ಗಂಡನಾದ.

ಆಮೇಲೆ ಆ ಮನುಷ್ಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಿಬ್ಬಣ ಗಂಡಿನ ಊರಿಗೆ ಘಟಪ್ರಭಾದ ದಾರಿ ಹಿಡಿದಿತ್ತು, ಅಕ್ಕನ ಜೊತೆ ನಾನೂ ಹೊರಟಿದ್ದೆ. ಚಕ್ಕಡಿ ಓಡುತ್ತಿರುವಾಗಲೇ ಹಾಡುತ್ತ ಎದ್ದು ನಿಂತ, ಹೆಂಡತಿ ನೋಡಲೆಂದು ಕೆಳಗೆ ಜಿಗಿದ. ಚೂಪುಗಲ್ಲಿಗೆ ಹೆಬ್ಬೆರಳು ಸೀಳಿ ರಕ್ತ ಬಳಬಳ ಸುರಿಯಿತು. ಗಂಡಸರಿಗೆ ಮೆರೆಯಲು ಮದುವೆಯ ದಿನವೇ ಬೇಕು ನೋಡಿ!

"ಅರಿಷಿಣ ತರ್ರಿ!" ಎಂದು ಎಲ್ಲರೂ ಕೂಗಿದರು. ತರುವುದೆಲ್ಲಿಂದ? ಸುತ್ತ ಬರೀ ಹೊಲ. ಅಕ್ಕ ಚಕ್ಕಡಿಯಿಂದ ಇಳಿದಳು, ಕೊರಳಿನ ದಾರ ಬಿಚ್ಚಿದಳು, ಕಲ್ಲಿನ ಮೇಲೆ ನೀರು ಹಾಕಿ ಬೇರನ್ನು ಗಸಗಸ ತೇಯತೊಡಗಿದಳು.

"ತಾಳಿ ತಗದ್ಲಲ್ಲೋ!" ಎಂದು ಸತ್ತೆಪ್ಪನ ಕಾಕಾ ಲಗಮಪ್ಪ ಎದೆ ಬಡಿದುಕೊಂಡ. "ಮದಿವಿ ಮುರೀತು. ಚಕ್ಕಡಿ ತಿರಗಸ್ರಿ, ಹುಡುಗೀನ್ನ ತವರಿಗೆ ಬಿಟ್ಟ ಬರೂಣು!"

ಅಕ್ಕ ತಲೆಯೆತ್ತಲಿಲ್ಲ. ಗಾಯಕ್ಕೆ ಅರಿಷಿಣ ಮೆತ್ತಿ, ಸೆರಗಿನ ಅಂಚು ಹರಿದು ಕಟ್ಟಿದಳು. ರಕ್ತ ನಿಂತಿತು.

ಇಂದ್ರವ್ವ ಮೈದುನನನ್ನು ದುರುಗುಟ್ಟಿ ನೋಡಿದಳು. "ನೀ ಸುಮ್ಮನಿರೋ! ಗಂಡನ ಗಾಯಕ್ಕ ಹಚ್ಚ್ಯಾಳ, ತಗದ ಒಗದಿಲ್ಲ. ಇನ್ನೂ ಅರ್ಧಾ ಬೇರ ಉಳದೈತಿ. ಸತ್ತೆಪ್ಪಾ, ಮತ್ತ ಕಟ್ಟು."

ಸತ್ತೆಪ್ಪ ಕುಂಟುತ್ತ ಬಂದು ದಾರ ಹಿಡಿದ. "ಕಟ್ಲೇನ?" ಎಂದು ಅಕ್ಕನನ್ನು ಕೇಳಿದ.

ಬೆಳಿಗ್ಗೆ ಹಂದರದಲ್ಲಿ ಇಡೀ ಊರೇ ಇತ್ತು, ಆದರೆ ಅಕ್ಕನನ್ನು ಯಾರೂ ಹೀಗೆ ಕೇಳಿರಲಿಲ್ಲ. ನೋಡಲು ಬಂದವರು ಕೇಳಿರಲಿಲ್ಲ, ನಮ್ಮ ಅಪ್ಪನೂ ಕೇಳಿರಲಿಲ್ಲ. ಅವಳ ಮುಖ ಕೆಂಪಾಯಿತು.

"ತಡೀರಿ," ಎಂದಳು. "ವಿಚಾರ ಮಾಡ್ತೇನಿ."

ಲಗಮಪ್ಪ ತೆರೆದ ಬಾಯಿ ಮುಚ್ಚಲಿಲ್ಲ. ಅಕ್ಕ ಹೊಲದ ಕಡೆ ನೋಡಿದಳು, ಆಮೇಲೆ ಎತ್ತುಗಳ ಕಡೆ, ಅವಸರವೇ ಇಲ್ಲದವಳ ಹಾಗೆ. ಸತ್ತೆಪ್ಪ ಬೆವರಿಹೋದ. ನನಗೆ ನಗು ತಡೆಯಲಾಗಲಿಲ್ಲ. ಇಂದ್ರವ್ವನೂ ಸೆರಗು ಬಾಯಿಗಿಟ್ಟುಕೊಂಡಳು.

"ಹೂಂ, ಕಟ್ರಿ," ಎಂದು ಅಕ್ಕ ಕೊನೆಗೂ ಕೊರಳು ಬಗ್ಗಿಸಿದಳು. ತೂರಲು ಅಕ್ಕಿಕಾಳು ಇರಲಿಲ್ಲ, ಬುತ್ತಿಯ ಚುರುಮುರಿಯನ್ನೇ ಎಲ್ಲರೂ ತೂರಿದೆವು.