ಹಬ್ಬಕ್ಕೆ ಮುಂಚಿನ ಸ್ಯಾಂಡ್‌ವಿಚ್

ನಮ್ಮಕ್ಕ ಡೋರೀನ್ ಹೊರಗೆ ದುಡ್ಡು ಕೊಟ್ಟು ತಿಂದವಳೇ ಅಲ್ಲ. ಲಂಡನ್ನಿಗೆ ಹೋದರೂ ಕಾಗದದಲ್ಲಿ ಸುತ್ತಿದ ಬ್ರೆಡ್ಡು, ಫ್ಲಾಸ್ಕಿನ ಚಹಾ ಜೊತೆಗೇ ಬರುತ್ತವೆ. ಅಂಥವಳು ಡಿಸೆಂಬರ್ ಒಂಬತ್ತಕ್ಕೆ ಕ್ರೂ ಊರಿನ ರೈಲು ನಿಲ್ದಾಣದ ಅಂಗಡಿಯಲ್ಲಿ ಸಾಲಿನಲ್ಲಿ ನಿಂತು, ಹಬ್ಬದ ಸ್ಯಾಂಡ್‌ವಿಚ್ಚೊಂದನ್ನೂ ಎರಡು ಚಹಾವನ್ನೂ ತಂದು ನನ್ನ ಮುಂದಿಟ್ಟಳು. ಆಗಲೇ ನನಗೆ ಅನುಮಾನ ಬಂತು.

ಬರದೇ ಇರುತ್ತದೆಯೇ? ಮೂವತ್ತು ವರ್ಷದಿಂದ ಕ್ರಿಸ್‌ಮಸ್ ಊಟ ಅವಳ ಮನೆಯಲ್ಲೇ. ಹಬ್ಬದ ದಿನ ರೈಲು ಓಡುವುದಿಲ್ಲ, ಹಾಗಾಗಿ ಇಪ್ಪತ್ನಾಲ್ಕಕ್ಕೇ ಹೋಗಿ ಮೂರು ರಾತ್ರಿ ಅಲ್ಲೇ ಬಿದ್ದುಕೊಳ್ಳುತ್ತೇನೆ. ನನಗೆ ಹೆಂಡತಿ ಮಕ್ಕಳಿಲ್ಲ. ಆ ಮೂರು ದಿನವೇ ನನ್ನ ವರ್ಷದ ಸಂಸಾರ. ನವೆಂಬರಿನಲ್ಲೇ ಫೋನ್ ಮಾಡಿ "ಬಾರೋ" ಅನ್ನುವವಳು ಈ ಸಲ ಮಾಡಿರಲಿಲ್ಲ. ಬದಲಿಗೆ ಎರಡು ಸಾಲಿನ ಕಾಗದ ಬಂತು: ಮನೆಗೆ ಬೇಡ, ನಿಲ್ದಾಣಕ್ಕೆ ಬಾ, ಮಾತಾಡುವುದಿದೆ.

ಸ್ಯಾಂಡ್‌ವಿಚ್ ಬಿಚ್ಚಿ ನೋಡಿದೆ. ಟರ್ಕಿ ಕೋಳಿ, ಕೆಂಪು ಹಣ್ಣಿನ ಗೊಜ್ಜು, ಕೋಳಿಯ ಹೊಟ್ಟೆಗೆ ತುಂಬುವ ಹೂರಣ. ಇದು ಹಬ್ಬದ ಮಾರನೆಯ ದಿನ, ಉಳಿದದ್ದನ್ನು ಬ್ರೆಡ್ಡಿನ ನಡುವೆ ತುರುಕಿ ತಿನ್ನುವ ತಿಂಡಿ. ಹಬ್ಬಕ್ಕೆ ಇನ್ನೂ ಹದಿನಾರು ದಿನ ಇರುವಾಗಲೇ ಉಳಿಕೆ! ಕೂಸು ಹುಟ್ಟುವ ಮುಂಚೆ ಕುಲಾವಿ. ಇವಳು ನನ್ನ ಹಬ್ಬವನ್ನು ಪ್ಲಾಟ್‌ಫಾರ್ಮಿನಲ್ಲೇ ಮುಗಿಸಿ ಕಳಿಸುತ್ತಿದ್ದಾಳೆ ಎಂದುಕೊಂಡೆ.

"ತಿನ್ನೋ ನೆವಿಲ್."

"ಮೊದ್ಲು ನೀನು ತಿನ್ನು."

"ವಿಷ ಹಾಕಿಲ್ಲ ಮಾರಾಯ!"

ಅರ್ಧ ಮುರಿದು ತಿಂದಳು. ಉಳಿದರ್ಧವನ್ನು ನಾನೂ ಕಚ್ಚಿದೆ. ಕಣ್ಣು ಮಾತ್ರ ನನ್ನ ಬಾಯಿಯ ಮೇಲೆ.

"ಹೂರಣ ಹೇಗಿದೆ?"

"ನೀನೂ ತಿಂತಿದೀಯಲ್ಲ?"

"ನಿನ್ನ ಕೇಳಿದ್ದು."

ನನಗೆ ರೇಗಿತು. "ಯಾಕೆ, ಇನ್ಮೇಲೆ ಇದೇ ಗತಿ ಅಂತಾನಾ? ಕರೆಯೋಕೆ ಮನಸ್ಸಿಲ್ಲ ಅಂದ್ರೆ ನೇರವಾಗಿ ಹೇಳ್ಬಿಡು. ಈ ನಾಟಕ ಎಲ್ಲ ಬೇಡ."

ಅವಳು ಒಂದು ಪುಟ್ಟ ಪೊಟ್ಟಣ ಹರಿದು ಚಹಾಗೆ ಸುರಿದುಕೊಂಡಳು. ಕಲಕಿ, ದೊಡ್ಡದೊಂದು ಗುಟುಕು ಕುಡಿದಳು. ಖಾಲಿ ಪೊಟ್ಟಣ ನನ್ನ ಕಡೆಗೇ ಬಿದ್ದಿತ್ತು. ಅದರ ಮೇಲಿನ ಅಕ್ಷರ ನೋಡಿ ನನ್ನ ಸಿಟ್ಟು ಅಲ್ಲೇ ನಿಂತಿತು.

"ಅಕ್ಕಾ, ಚಹಾ ಹೇಗಿದೆ?"

"ಚೆನ್ನಾಗೇ ಇದೆ."

"ನೀನು ಹಾಕ್ಕೊಂಡಿದ್ದು ಉಪ್ಪು."

ಲೋಟ ಕೆಳಗಿಟ್ಟಳು.

"ಏನೂ ಗೊತ್ತಾಗ್ತಿಲ್ಲ ಕಣೋ. ಅಕ್ಟೋಬರಲ್ಲಿ ಜ್ವರ ಬಂತಲ್ಲ, ಆವಾಗಿಂದ ರುಚಿನೂ ಇಲ್ಲ, ವಾಸನೆನೂ ಇಲ್ಲ. ಇದ್ರಲ್ಲಿ ಹಬ್ಬದ್ದು ಎಲ್ಲಾ ಒಟ್ಟಿಗಿರುತ್ತೆ, ಒಂದಾದ್ರೂ ನಾಲಿಗೆಗೆ ಹತ್ತುತ್ತೇನೋ ಅಂತ ತಗೊಂಡೆ. ಮನೇಲಿ ಯಾರಿಗೂ ಹೇಳಿಲ್ಲ. ಗೊತ್ತಾದ್ರೆ ಪಾಪ ಅಂತ ಅಡುಗೆಮನೆಯಿಂದ ಆಚೆ ಕೂರಿಸ್ತಾರೆ. ಅದು ನನ್ ಕೈಲಾಗಲ್ಲ."

ಇಷ್ಟು ಹೊತ್ತು ನನ್ನ ಹಬ್ಬದೂಟ, ಹಾಸಿಗೆಯ ಚಿಂತೆಯಲ್ಲೇ ಇದ್ದೆನಲ್ಲ ಎಂದು ನಾಚಿಕೆಯಾಯಿತು.

"ಈ ಸಲ ಇಪ್ಪತ್ತೆರಡಕ್ಕೇ ಬಾ," ಅಂದಳು. "ನನ್ನ ಹೂರಣಕ್ಕೆ ಹೆಸರಿಟ್ಟವನು ನೀನೊಬ್ನೇ. ಉಪ್ಪು ಕಮ್ಮಿ, ಈರುಳ್ಳಿ ಜಾಸ್ತಿ ಅಂತ. ಒಲೆ ಪಕ್ಕ ನಿಂತ್ಕೊಂಡು ಅದನ್ನೇ ಹೇಳು."

"ಅಕ್ಕಾ, ಒಂದ್ ವರ್ಷನೂ ಉಪ್ಪು ಕಮ್ಮಿ ಇರ್ಲಿಲ್ಲ. ಸುಮ್ನೆ ಕೆಣಕೋಕೆ ಹೇಳ್ತಿದ್ದೆ."

"ಗೊತ್ತು ಬಿಡು. ತಟ್ಟೆ ಬಳಿದು ತಿಂದಾದ್ಮೇಲೆ ತಾನೇ ಹೇಳ್ತಿದ್ದಿದ್ದು? ಈ ಸಲ ಮಾತ್ರ ಸುಳ್ಳು ಹೇಳ್ಬೇಡ ಕಣೋ."

ಸ್ಯಾಂಡ್‌ವಿಚ್ ಕಚ್ಚಿ, ನಿಧಾನವಾಗಿ ಅಗಿದೆ.

"ಉಪ್ಪು ಸರಿಯಾಗಿದೆ. ಆದ್ರೆ ನಿನ್ನ ಹೂರಣದ ಮುಂದೆ ಇದು ಬರೀ ಮಣ್ಣು."

ಮೂವತ್ತು ವರ್ಷದಲ್ಲಿ ನನ್ನ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಅಕ್ಕ ಕಣ್ಣು ಕಿರಿದು ಮಾಡಿ, ಅನುಮಾನದಿಂದ ನನ್ನನ್ನೇ ನೋಡಿದಳು.

"ನಿಜ ಹೇಳ್ತಿದೀಯೇನೋ?"