ಮೂತಿಯ ತೂಕ

"ಅಕ್ಕಾ, ಇದರ ಹೊಟ್ಟೆ ಮುಚ್ಚಿಬಿಡ್ಲಾ?"

ಅಕ್ಕನ ಬಾಯಿಯವರೆಗೆ ಬಂದ ಮಾತು ಹಲ್ಲಿಗೆ ತಾಗಿ ಹಿಂದೆ ಹೋಯಿತು. ಮಾದರಿ ಯುದ್ಧವಿಮಾನದ ಪ್ಲಾಸ್ಟಿಕ್ ಒಡಲು ಬಿಡಿಸಿದ ಬಟಾಣಿ ಸಿಪ್ಪೆಯ ಹಾಗೆ ಎರಡು ಹೋಳಾಗಿ ಮೇಜಿನ ಮೇಲಿತ್ತು. ಮುಚ್ಚುವ ಮೊದಲು ಮೂತಿಯೊಳಗೆ ತೂಕಕ್ಕೆ ಸೀಸದ ಗುಂಡು ಅಂಟಿಸಬೇಕು. ಇಲ್ಲವಾದರೆ ಮೂರು ಗಾಲಿಯ ಈ ವಿಮಾನ ಬಾಲದ ಮೇಲೆ ಕೂತುಬಿಡುತ್ತದೆ. ಪೆಟ್ಟಿಗೆಯ ಜೊತೆ ಬಂದ ಜೋಡಣೆಯ ನಕ್ಷೆಯ ಮೂಲೆಯಲ್ಲಿ ಕಾಳಿನಷ್ಟು ಚಿತ್ರ ಬರೆದು ಅದನ್ನು ತೋರಿಸಿದ್ದರು. ತಂಗಿಯ ಕಣ್ಣಿಗೆ ಬಿದ್ದಿರಲಿಲ್ಲ. ಅಕ್ಕನ ಜೇಬಿನಲ್ಲಿ ಗುಂಡುಗಳ ಪೊಟ್ಟಣವೇ ಇತ್ತು.

"ನಿನ್ನಿಷ್ಟಮ್ಮಾ. ಮಾಡೋಳು ನೀನು," ಎಂದಳು.

ಗೋಡೆಯ ಹಲಗೆಯ ಮೇಲಿದ್ದ ಹನ್ನೊಂದು ವಿಮಾನಗಳನ್ನೂ ಅಪ್ಪನ ಪಕ್ಕ ಕೂತು ಜೋಡಿಸಿದವಳು ಅಕ್ಕ. ಈಗ ಹೊಟ್ಟೆಪಾಡಿಗೆ ಮಾಡುವ ಕಟ್ಟುಹಲ್ಲಿನ ಕೆಲಸಕ್ಕೆ ಅವಳ ಕೈ ಪಳಗಿದ್ದೂ ಅಲ್ಲಿಯೇ. ಈ ಹನ್ನೆರಡನೆಯದು ಮಾತ್ರ, ಅಪ್ಪ ವಾಯುನೆಲೆಯಲ್ಲಿ ಮೆಕ್ಯಾನಿಕ್ ಆಗಿ ಇಪ್ಪತ್ತು ವರ್ಷ ಮಗುವಿನಂತೆ ಸಾಕಿದ ವಿಮಾನದ ಮಾದರಿ. ಪೆಟ್ಟಿಗೆ ಬಂದ ದಿನ ಅವರು ತಮ್ಮ ನಡುಗುವ ಬೆರಳುಗಳನ್ನು ನೋಡಿಕೊಂಡು, "ಇದನ್ನ ಚಿಕ್ಕೋಳು ಮಾಡ್ಲಿ," ಎಂದುಬಿಟ್ಟರು. ಪಾರ್ಲರಿನಲ್ಲಿ ಹೆಂಗಸರ ಉಗುರಿಗೆ ಬಣ್ಣ ಬಳಿಯುವ ಚಿಕ್ಕೋಳು! ಹೊಟ್ಟೆಯ ಕಿಚ್ಚಿಗೆ ಹೊಗೆಯಿಲ್ಲ. ಉರಿಯುವವರಿಗೂ ದೇವರಿಗೂ ಮಾತ್ರ ಗೊತ್ತು.

ವಾರವಿಡೀ ಬಣ್ಣದ ಕೆಲಸ ನಡೆಯಿತು. ತಂಗಿ ಉಸಿರು ಬಿಗಿಹಿಡಿದು ಬೂದುಹಸಿರಿನ ಮೇಲೆ ಕಂದು ಪಟ್ಟೆ ಎಳೆದಳು, ಎಂಜಿನಿನ ಬಾಯಿಗೆ ಹತ್ತಿಯಿಂದ ಮಸಿ ತಿಕ್ಕಿದಳು.

"ಮದುಮಗಳಿಗೂ ಇಷ್ಟು ಮೇಕಪ್ ಮಾಡಿಲ್ಲಪ್ಪಾ ನಾನು!"

"ಮದುಮಗಳು ಇಷ್ಟು ಸುಮ್ನೆ ಕೂತಿರಲ್ಲ ಬಿಡು," ಎಂದು ಅಪ್ಪ ನಕ್ಕರು.

ಅಕ್ಕ ಕದ್ದು ನೋಡಿದಳು. ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಹಲಗೆಯ ಮೇಲಿನ ತನ್ನ ಹನ್ನೊಂದೂ ಅದರ ಮುಂದೆ ಸಂತೆಯ ಆಟಿಕೆಗಳಾಗಿದ್ದವು. ಜೇಬಿನೊಳಗೆ ಗುಂಡುಗಳನ್ನು ಅದುಮಿಕೊಂಡಳು.

ಗಾಲಿ ಅಂಟಿಸುವುದು ಕೊನೆಗೆ. ಭಾನುವಾರ ತಂಗಿ ವಿಮಾನವನ್ನು ಮೇಜಿನ ಮೇಲಿಟ್ಟು ಕೈ ತೆಗೆದಳು. ಮೂತಿ ಮೆಲ್ಲಗೆ ಮೇಲೆದ್ದಿತು. ಬಾಲ ಟಕ್ ಎಂದು ಕೂತಿತು.

"ಅಯ್ಯೋ! ಏನ್ ತಪ್ಪು ಮಾಡ್ದೆ ನಾನು?" ತಂಗಿಯ ಕಣ್ಣು ತುಂಬಿತು.

ಈ ಗಳಿಗೆಗಾಗಿಯೇ ಅಕ್ಕ ವಾರವೆಲ್ಲ ಕಾದಿದ್ದಳು. ಆದರೆ ಅಪ್ಪ ಬಿದ್ದು ಬಿದ್ದು ನಗತೊಡಗಿದರು.

"ಥೇಟ್ ಹೀಗೇ ಕಣೇ! ಒಂದ್ಸಲ ಹಿಂದಿನ ಟ್ಯಾಂಕಿಗೇ ಮೊದ್ಲು ಎಣ್ಣೆ ತುಂಬಿ, ನಿಜವಾದದ್ದೂ ಹೀಗೇ ಅಂಡೂರಿ ಕೂತಿತ್ತು. ನಾಲ್ಕು ಜನ ಮೂತಿಗೆ ಜೋತುಬಿದ್ದಿದ್ವಿ!" ತಂಗಿಯ ತಲೆಯನ್ನು ಎದೆಗೆ ಒತ್ತಿಕೊಂಡರು. ತಪ್ಪಿದರೂ ಗೆಲುವು ಅವಳದೇ.

ನಗು ಇಳಿದ ಮೇಲೆ ಅಪ್ಪ ಹಿರಿಮಗಳ ಕಡೆ ತಿರುಗದೆ ಕೇಳಿದರು. "ಇದರ ಹೊಟ್ಟೆ ಮುಚ್ಚೋವಾಗ ನೀನು ಇಲ್ಲೇ ಇದ್ದೆ, ಅಲ್ವೇನಮ್ಮಾ?"

"ಇದ್ದೆ."

ಅಪ್ಪ ತೋರುಬೆರಳಿನಿಂದ ಮೂತಿಯನ್ನು ಅದುಮಿ ಹಿಡಿದರು. ಬೆರಳಿನ ಜೊತೆ ವಿಮಾನವೂ ನಡುಗಿತು.

"ಸ್ವಲ್ಪ ಹಿಡ್ಕೋ. ಚಿಕ್ಕೋಳು ಫೋಟೋ ತೆಗೀಲಿ."

ಅವಳು ಬೆರಳಿಟ್ಟಳು. ನಡುಕ ನಿಂತಿತು, ಮೂರು ಗಾಲಿಯೂ ಮೇಜು ಮುಟ್ಟಿದವು. ತಂಗಿ ಫೋಟೋ ತೆಗೆದು ನೆರೆಮನೆಗೆ ತೋರಿಸಲು ಓಡಿದಳು. ಅಪ್ಪ ಕುರ್ಚಿಗೊರಗಿ ಕಣ್ಣು ಮುಚ್ಚಿದರು. ಅಕ್ಕ ಬೆರಳು ತೆಗೆಯಲಿಲ್ಲ. ಇನ್ನೊಂದು ಕೈ ಜೇಬಿನಲ್ಲಿತ್ತು. ಸೀಸದ ಗುಂಡುಗಳು ಮೈಯಷ್ಟೇ ಬೆಚ್ಚಗಾಗಿದ್ದವು.