ಹೆಬ್ಬೆರಳಲ್ಲಿ ನೆಟ್ಟಗಾದ ತಾಮ್ರ

ಮೇ ತಿಂಗಳ ಕೊನೆ. ಲೈಲಾಕ್ ಹೂವು ಬಾಡುವಷ್ಟರಲ್ಲಿ ದೊಡ್ಡ ಟ್ರೌಟ್ ಮೀನುಗಳು ತಳಕ್ಕೆ ಇಳಿಯುತ್ತವೆ ಎಂಬುದು ಕಿಯೂಕ ಸರೋವರದವರ ಲೆಕ್ಕ. ಅಂಥದೊಂದು ಸಂಜೆ, ದ್ರಾಕ್ಷಿ ತೋಟದ ಗುಡ್ಡದ ನೆರಳು ಅರ್ಧ ನೀರಿನವರೆಗೆ ಚಾಚಿಕೊಂಡ ಹೊತ್ತಿನಲ್ಲಿ ಇದು ಶುರುವಾಯಿತು.

ದೋಣಿಯಲ್ಲಿ ಇಬ್ಬರಿದ್ದರು. ಹುಟ್ಟು ಹಾಕುತ್ತಿದ್ದವನು ಕ್ಲೇಟ್, ಹಿಂದೆ ಕುಳಿತು ತಾಮ್ರ ಎಳೆಯುತ್ತಿದ್ದವನು ಆರ್ಲೊ. ಇಬ್ಬರಿಗೂ ಅರವತ್ತು ದಾಟಿತ್ತು. ಒಂದು ಹೊತ್ತು ಒಬ್ಬ ಹುಟ್ಟು ಹಾಕಿದರೆ ಇನ್ನೊಂದು ಹೊತ್ತು ಇನ್ನೊಬ್ಬ. ಹುಡುಗರಾಗಿದ್ದಾಗಿನಿಂದ ಹಾಗೆಯೇ.

ಅಷ್ಟು ಆಳಕ್ಕೆ ನೂಲಿನ ದಾರ ಇಳಿಯುವುದಿಲ್ಲ. ತಾಮ್ರದ ತಂತಿಯಾದರೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ತುದಿಯಲ್ಲಿ ಗಾಳ ಸಿಕ್ಕಿಸಿದ, ಚಮಚದಂಥ ಹೊಳೆಯುವ ತಗಡು. ದೋಣಿ ಮೆಲ್ಲಗೆ ಸಾಗುತ್ತಿರುವಾಗ ತೋಳು ಚಾಚಿ ತಂತಿಯನ್ನು ಎಳೆಯಬೇಕು, ಬಿಡಬೇಕು, ಮತ್ತೆ ಎಳೆಯಬೇಕು. ಕೆಳಗೆ ತಗಡು ಕೆಸರನ್ನು ಮುಟ್ಟಿದರೆ ಮೇಲೆ ಬೆರಳಿಗೆ ತಿಳಿಯಬೇಕು. ಒಳಗೆ ಬಂದ ತಂತಿಯನ್ನು ಸುತ್ತಿಕೊಳ್ಳಲು ಕ್ಲೇಟನ ಹಳೆಯ ಗ್ರಾಮಫೋನು ಇತ್ತು. ಹಾಡಿನ ತಟ್ಟೆ ತಿರುಗುತ್ತಿದ್ದ ಜಾಗದಲ್ಲಿ ಮರದ ಗಾಲಿ ಕೂರಿಸಿದ್ದ. ಕೀಲಿ ಕೊಟ್ಟರೆ ಸ್ಪ್ರಿಂಗು ತಂತಿಯನ್ನು ತಾನೇ ಎಳೆದುಕೊಳ್ಳುತ್ತಿತ್ತು. ಅವನ ಹೆಂಡತಿ ಇದ್ದಾಗ ಅದೇ ಪೆಟ್ಟಿಗೆ ಹಾಡಿತ್ತು.

ತಾಮ್ರಕ್ಕೆ ಒಂದೇ ಒಂದು ಕೆಟ್ಟ ಗುಣ. ಸಡಿಲವಾಗಿ ಸುರುಳಿ ಬಿದ್ದು ಆ ಸುರುಳಿ ಬಿಗಿದುಕೊಂಡರೆ ಅಲ್ಲಿ ಮುರುಟಿಬಿಡುತ್ತದೆ. ಮುರುಟಿದ್ದನ್ನು ತಿದ್ದಿ ನೆಟ್ಟಗೆ ಮಾಡಬಹುದು, ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಆದರೆ ಅದು ಸತ್ತ ತಾಮ್ರ, ಭಾರ ಬಿದ್ದಾಗ ಅಲ್ಲೇ ಮುರಿಯುತ್ತದೆ. ಅದಕ್ಕೇ ಅಲ್ಲೊಂದು ನೇಮ: ಯಾರ ಕೈಯಲ್ಲಿ ಮುರುಟಿತೋ ಅವನು ಅಲ್ಲೇ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಕತ್ತರಿಸಿ ಬೆಸೆದುಕೊಳ್ಳುತ್ತಾರೆ, ಯಾರೂ ಬಯ್ಯುವುದಿಲ್ಲ.

ಆರ್ಲೊ ಒಮ್ಮೆಯೂ ಹಾಗೆ ಹೇಳಿದವನಲ್ಲ. ತನ್ನ ಕೈಯಲ್ಲಿ ತಾಮ್ರ ಮುರುಟಿಲ್ಲ ಎಂಬುದೇ ಅವನ ಹೆಮ್ಮೆ. ಬೇರೆಯವರದು ಮುರುಟಿದಾಗ, "ಹೆಂಡತಿ ಜಡೆ ಹೆಣೀತಿದ್ಯೇನೋ?" ಎಂದು ಕೇಳುತ್ತಿದ್ದವನೂ ಅವನೇ.

ಆ ಸಂಜೆ ಕೊನೆಯ ಒಂದು ಮಾರು ತಂತಿ ಒಳಗೆ ಬರುತ್ತಿತ್ತು. ಅದೇ ದಡದ ಪಡ್ಡೆ ಹುಡುಗ ಹಾಯ್ಟ್ ತನ್ನ ಮೋಟಾರು ದೋಣಿಯಲ್ಲಿ ಅಲೆ ಎಬ್ಬಿಸಿಕೊಂಡು ಹತ್ತಿರದಲ್ಲೇ ಹಾದುಹೋದ.

"ಅಜ್ಜಂದಿರಾ! ಗ್ರಾಮಫೋನಲ್ಲಿ ಯಾವ ಹಾಡು ಇವತ್ತು?"

"ನಿನ್ನ ತಿಥಿ ಹಾಡು ಕಣೋ!" ಎಂದು ಆರ್ಲೊ ಕೈ ಎತ್ತಿದ. ಕ್ಲೇಟ್ ಅಲೆಗೆ ದೋಣಿಯ ಮೂತಿ ಕೊಡಲು ಹಿಂದಕ್ಕೆ ತಿರುಗಿ ಹುಟ್ಟು ಹಾಕುತ್ತಿದ್ದ. ಅಷ್ಟರಲ್ಲಿ ಕೈಬಿಟ್ಟ ತಂತಿ ಸುರುಳಿ ಬಿತ್ತು, ಸ್ಪ್ರಿಂಗು ಅದನ್ನು ಬಿಗಿಯಿತು. ಸಣ್ಣದಾಗಿ ಟಿಕ್ ಎಂದದ್ದು ಆರ್ಲೊನ ಕಿವಿಗೆ ಮಾತ್ರ ಕೇಳಿತು.

ಅವನು ಕ್ಲೇಟನ ಬೆನ್ನು ನೋಡಿದ. ಹೆಬ್ಬೆರಳಿನಿಂದ ಒತ್ತಿ ತಂತಿಯನ್ನು ನೆಟ್ಟಗೆ ಮಾಡಿದ. ಗಾಲಿ ಅದನ್ನು ನುಂಗಿಕೊಂಡಿತು. ದಡ ಮುಟ್ಟಿದ ಮೇಲೆ ಹೇಳಿದರಾಯಿತು ಅಂದುಕೊಂಡ. ದಡದಲ್ಲಿ ಹಾಯ್ಟ್ ನಿಂತಿದ್ದ. ಹೇಳಲಿಲ್ಲ.

ಮರುದಿನ ನಸುಕಿನಲ್ಲಿ ತಾಮ್ರ ಎಳೆಯುವ ಸರದಿ ಕ್ಲೇಟನದು. ಹುಟ್ಟು ಹಾಕುತ್ತಾ ಆರ್ಲೊ ಎರಡು ಸಲ ಬಾಯಿ ತೆರೆದ. ಒಂದು ಸಲ ಕೆಮ್ಮಿದ, ಇನ್ನೊಂದು ಸಲ "ಚಳಿ" ಅಂದ.

ಬಿಸಿಲು ಗುಡ್ಡದ ನೆತ್ತಿ ಮುಟ್ಟುವಾಗ ಕ್ಲೇಟನ ತೋಳು ಮುಂದಕ್ಕೆ ಹೋದದ್ದು ಅಲ್ಲೇ ನಿಂತಿತು. "ಇದು ಕೆಸರಲ್ಲ," ಎಂದು ಪಿಸುಗುಟ್ಟಿದ.

ತುಂಬ ಹೊತ್ತು ಕಾದಾಟ ನಡೆಯಿತು. ಕ್ಲೇಟ್ ಕೈಯ ಮೇಲೆ ಕೈ ಹಾಕಿ ತಂತಿ ತಂದ. ಗ್ರಾಮಫೋನು ಗೊರಗೊರ ಎಂದು ಸುತ್ತಿಕೊಂಡಿತು. ಕೊನೆಗೆ ದೋಣಿಯ ಪಕ್ಕದಲ್ಲೇ ಮೀನು ಮಗ್ಗುಲಾಯಿತು. ಬೂದು ಮೈ, ಬಿಳಿ ಚುಕ್ಕೆ, ಹಲಗೆಯಷ್ಟು ಅಗಲದ ಬಾಲ.

"ಬಲೆ ಹಾಕೋ ಆರ್ಲೊ, ಬಲೆ! ಗೋಡೆಗೆ ಇದೇ ಕಣೋ!"

ಆರ್ಡೆತ್‌ಳ ಕಾಫಿ ಅಂಗಡಿಯ ಮರದ ಗೋಡೆಯ ಮಾತದು. ಆ ದಡದವರು ದೊಡ್ಡ ಮೀನು ಹಿಡಿದರೆ ಹಲಗೆಗೆ ಒತ್ತಿ ಹಿಡಿದು, ಪೆನ್ಸಿಲಿನಿಂದ ಸುತ್ತ ಗೀಟು ಎಳೆದು ಹೆಸರು ಬರೆಯುತ್ತಾರೆ. ಆರ್ಲೊನ ಮೀನಿನ ಗೀಟು ಎಂದಿನಿಂದಲೋ ಅಲ್ಲಿತ್ತು. ಆವತ್ತು ಹುಟ್ಟು ಹಾಕಿದವನು ಕ್ಲೇಟ್. ಕ್ಲೇಟನದು ಇರಲಿಲ್ಲ.

ಆರ್ಲೊ ಬಲೆಯನ್ನು ನೀರಿಗೆ ಇಳಿಸಿದ. ಮೀನು ಒಮ್ಮೆ ತಲೆ ಒದರಿತು, ಅಷ್ಟೇ. ತಂತಿ ಕ್ಲೇಟನ ಕೈಯಲ್ಲಿ ಹಗುರಾಯಿತು. ಬೂದು ಬೆನ್ನು ಹಸಿರು ನೀರಿನೊಳಗೆ ಇಳಿಯಿತು, ಇಳಿದೇ ಹೋಯಿತು.

"ಎಳೆದದ್ದು ಹೆಚ್ಚಾಯ್ತು," ಎಂದ ಕ್ಲೇಟ್, ತನ್ನ ಅಂಗೈ ನೋಡಿಕೊಳ್ಳುತ್ತಾ. "ನನ್ನ ಕೈ ಹೋಯ್ತು ಕಣೋ."

ಆಗ ಹೇಳಬೇಕಿತ್ತು. ಆರ್ಲೊ ಬಲೆ ಹಿಡಿದುಕೊಂಡೇ ಕುಳಿತಿದ್ದ. ನೀರು ತೊಡೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಕ್ಲೇಟ್ ಹರಿದ ತುದಿಯನ್ನು ಬೆಳಕಿಗೆ ಎತ್ತಿ ಹಿಡಿದ. ಆಮೇಲೆ ಸದ್ದಿಲ್ಲದೆ ಗಾಲಿಗೆ ಸುತ್ತಿದ.

ಅಂಗಡಿಯಲ್ಲಿ ಹಾಯ್ಟ್ ಬಿಡುತ್ತಾನೆಯೇ? "ಕ್ಲೇಟಣ್ಣ ಮೀನನ್ನ ಮುದ್ದು ಮಾಡಿ ವಾಪಸ್ ಕಳಿಸಿದನಂತೆ!"

"ಹೂಂ ಕಣಪ್ಪ. ಮುದುಕನ ಕೈ, ಮುದುಕನ ಬುದ್ಧಿ," ಎಂದು ಕ್ಲೇಟ್ ನಗುತ್ತಾ ಬಕ್‌ವೀಟ್ ದೋಸೆಯ ಮೇಲೆ ಮೇಪಲ್ ಪಾಕ ಸುರಿದುಕೊಂಡ.

"ನೀನಾದ್ರೂ ಹೇಳಬಾರದಿತ್ತಾ ಆರ್ಲೊ, ಮೆಲ್ಲಗೆ ಎಳಿ ಅಂತ?" ಎಂದಳು ಆರ್ಡೆತ್, ಕಾಫಿ ಬಗ್ಗಿಸುತ್ತಾ. "ನೀನು ತಾಮ್ರದ ಪಂಡಿತ."

ಎಲ್ಲರೂ ನಕ್ಕರು. ಕ್ಲೇಟ್ ಆರ್ಲೊನ ಕಡೆ ನೋಡಿದ. ನೋಟದಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ನೋಡಿದ. ಆರ್ಲೊ ತನ್ನ ತಟ್ಟೆಯ ಸಿಹಿ ರೂಬಾರ್ಬ್ ಪೈ ಕತ್ತರಿಸಿದ. ಮೇಲೆ ಗೋಡೆಯಲ್ಲಿ ತನ್ನ ಹೆಸರಿತ್ತು. ಅವನು ಗೋಡೆಗೆ ಬೆನ್ನು ಹಾಕಿ ಕೂತ.

ಮರುದಿನ ದೋಣಿ ಇಳಿಯಲಿಲ್ಲ. ಅದರ ಮರುದಿನವೂ ಇಲ್ಲ. ಕ್ಲೇಟ್ ಅದನ್ನು ಬೋರಲು ಹಾಕಿ ಮೇಲೆ ಗೋಣಿ ಹೊದಿಸಿದ. ದೂರದ ಈರಿ ಪಟ್ಟಣದಲ್ಲಿ ಅವನ ತಮ್ಮನಿದ್ದ. ಬಾ, ಒಟ್ಟಿಗಿರೋಣ ಎಂದು ವರ್ಷಗಳಿಂದ ಕರೆಯುತ್ತಿದ್ದ. ಬೆಳಗಿನ ನೀರು ಬಿಟ್ಟು ಹೇಗೆ ಬರಲಿ ಎಂದು ಇವನು ಮುಂದೂಡುತ್ತಿದ್ದ. ಈಗ ಬರುತ್ತೇನೆ ಎಂದು ಹೇಳಿ ಕಳಿಸಿದನಂತೆ. ಆರ್ಲೊಗೆ ಈ ಸುದ್ದಿ ಸಿಕ್ಕಿದ್ದು ಆರ್ಡೆತ್‌ಳಿಂದ. ಇಷ್ಟು ದಿನ ಕ್ಲೇಟನ ಮನೆಯ ಬೆಕ್ಕು ಮರಿ ಹಾಕಿದರೂ ಮೊದಲು ತಿಳಿಯುತ್ತಿದ್ದದ್ದು ಆರ್ಲೊಗೆ.

ತನ್ನ ಕೈ ಹೋಯಿತೆಂದು ನಂಬಿ ಹೊರಟಿದ್ದಾನೆ, ಒಂದು ಮಾತು ಹೇಳಿದರೆ ಉಳಿಯುತ್ತಾನೆ ಎಂದುಕೊಂಡ ಆರ್ಲೊ. ಆ ಒಂದು ಮಾತನ್ನು ಹೊತ್ತುಕೊಂಡು ಅವನು ಕ್ಲೇಟನ ಮನೆಯವರೆಗೆ ಹೋಗುತ್ತಿದ್ದ. ಒಮ್ಮೆ ಮೆಟ್ಟಿಲಲ್ಲಿ ಕುಳಿತು ಮೇ ಮೊದಲಲ್ಲಿ ದ್ರಾಕ್ಷಿ ಬಳ್ಳಿಗೆ ತಗಲಿದ್ದ ಹಿಮದ ಮಾತಾಡಿ ಬಂದ. ಒಮ್ಮೆ ಒಳಗೇ ಹೋದ. ಕ್ಲೇಟ್ ಕುರ್ಚಿ ಎಳೆದು ಹಾಕಿ, ಕಾಫಿ ಕೊಟ್ಟು, ಎದುರಿಗೆ ಕುಳಿತು, "ಹೇಳು," ಎಂದ. ಆರ್ಲೊ ನಿಚ್ಚಣಿಕೆ ಎರವಲು ಕೇಳಿದ. ಬೇಡದ ನಿಚ್ಚಣಿಕೆಯನ್ನು ಹೆಗಲ ಮೇಲೆ ಹೊತ್ತು ದಾರಿಯುದ್ದಕ್ಕೂ ನಡೆದ. ಮಂದಿ ಕೇಳಿದರೆ ಚಾವಣಿ ಸೋರುತ್ತೆ ಅಂದ.

ನಿಚ್ಚಣಿಕೆ ವಾಪಸ್ಸು ಕೊಡಲು ಹೋದ ದಿನ ಕ್ಲೇಟನ ಅಂಗಳದಲ್ಲಿ ಪೆಟ್ಟಿಗೆಗೆ ಹಗ್ಗ ಬಿಗಿದಿತ್ತು. ಆರ್ಲೊ ನಿಚ್ಚಣಿಕೆಯನ್ನು ಗೋಡೆಗೆ ಒರಗಿಸಿದ. ಅದರ ಮೆಟ್ಟಿಲನ್ನೇ ನೋಡುತ್ತಾ ಹೇಳಿದ:

"ತಾಮ್ರ ಮುರುಟಿತ್ತು ಕ್ಲೇಟ್. ಆ ಮೀನು ಹೋದ ಹಿಂದಿನ ಸಂಜೆ. ನನ್ನ ಕೈಯಲ್ಲಿ. ನಿನ್ನ ಕೈಗೆ ಏನೂ ಆಗಿಲ್ಲ."

ಕ್ಲೇಟ್ ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿದ.

"ಗೊತ್ತು."

"ಗೊತ್ತಾ?"

"ತುದಿ ನೋಡಿದೆನಲ್ಲೋ ಆವತ್ತೇ. ಎಳೆದು ಹರಿದ ತಾಮ್ರ ಸಣ್ಣಗಾಗಿ ಹರಿಯತ್ತೆ, ಮುರುಟಿದ್ದು ಕಡ್ಡಿ ಮುರಿದಂಗೆ ಮುರಿಯತ್ತೆ. ನಿನ್ನ ಹೆಬ್ಬೆರಳು ಒತ್ತಿದ ಕಡೆ ಚಪ್ಪಟೆ ಆಗಿತ್ತು."

"ಮತ್ತೆ ಅಂಗಡೀಲಿ... ನಿನ್ನ ಕೈ ಅಂತ..."

"ನೀನು ಹೇಳಲಿ ಅಂತ ಕಾದೆ." ಕ್ಲೇಟನ ದನಿ ಏರಲಿಲ್ಲ. "ದೋಣೀಲಿ ಕಾದೆ. ಅಂಗಡೀಲಿ ಕಾದೆ. ಕಾಫಿ ಕೊಟ್ಟು ಕಾದೆ. ನೀನು ನಿಚ್ಚಣಿಕೆ ಕೇಳಿದೆ. ಮೀನು ಹೋದ್ರೆ ಹೋಗ್ಲಿ ಮಾರಾಯ, ನೀರು ತುಂಬ ಮೀನಿದೆ."

ಆರ್ಲೊಗೆ ಮುಖ ಎತ್ತಲಾಗಲಿಲ್ಲ. ನಿಚ್ಚಣಿಕೆ ಹಿಡಿದುಕೊಂಡೇ, "ಗ್ರಾಮಫೋನು ಬಿಟ್ಟು ಹೋಗ್ತೀಯಾ?" ಎಂದು ಕೇಳಿದ. ಅದನ್ನಾದರೂ ತಾನು ನೋಡಿಕೊಳ್ಳಬೇಕು ಎಂಬ ಆಸೆ.

"ಹಾಯ್ಟ್‌ಗೆ ಕೊಟ್ಟೆ."

"ಹಾಯ್ಟ್‌ಗಾ! ಆ ಮೋಟಾರು ಪುಂಡನಿಗಾ?"

"ಪುಂಡನೇ. ತಾಮ್ರ ಎಳೆಯೋಕೆ ಬರಲ್ಲ, ವಾರದಲ್ಲೇ ಮುರುಟಿಸ್ತಾನೆ. ಆದ್ರೆ ಮುರುಟಿಸಿದ್ರೆ ಆಚೆ ದಡಕ್ಕೂ ಕೇಳೋ ಹಂಗೆ ಬಾಯಿ ಬಡ್ಕೊಳ್ತಾನೆ."

ಇಬ್ಬರಿಗೂ ನಗು ಬರಬೇಕಾದ ಮಾತು. ಬರಲಿಲ್ಲ. ಹಾಯ್ಟ್‌ನ ಕಾರು ಅಂಗಳಕ್ಕೆ ಬಂತು. ಪೆನ್ ಯಾನ್ ಪಟ್ಟಣದ ಬಸ್ಸಿಗೆ ಕ್ಲೇಟನನ್ನು ಮುಟ್ಟಿಸುವವನು ಅವನೇ. ಪೆಟ್ಟಿಗೆ ಎತ್ತಲು ಆರ್ಲೊ ಒಂದು ಕಡೆ ಕೈ ಹಾಕಿದ, ಕ್ಲೇಟ್ ಬೇಡ ಎನ್ನಲಿಲ್ಲ. ದೋಣಿ ಎತ್ತುವಾಗ ಹಿಡಿಯುತ್ತಿದ್ದ ಹಾಗೆಯೇ ಇಬ್ಬರೂ ಒಟ್ಟಿಗೆ ಉಸಿರು ಹಿಡಿದು ಎತ್ತಿದರು.

ಕಾರು ಹೋದ ಮೇಲೆ ನೋಡಿದರೆ ನಿಚ್ಚಣಿಕೆ ಗೋಡೆಗೆ ಒರಗಿಕೊಂಡೇ ಇತ್ತು. ಅದನ್ನು ಯಾರ ಮನೆಗೆ ಒಯ್ಯಬೇಕೆಂದು ಆರ್ಲೊಗೆ ತಿಳಿಯಲಿಲ್ಲ. ಕ್ಲೇಟ್ ಊರು ಬಿಟ್ಟದ್ದು ಜೂನ್ ತಿಂಗಳ ಕೊನೆಯ ಗುರುವಾರ.